ಪಾಲ್ ಲ್ಯಾಂಬರ್ಟ್: ಅದೃಷ್ಟದ ಪಾಲೆಷ್ಟು, ಆಟದ ಪಾಲೆಷ್ಟು?

ಮಾನ್ಯ ಓದುಗರೇ,

1997ರ ಯುರೋಪಿನ ಫುಟ್‌ಬಾಲ್ ಚಾಂಪಿಯನ್ಸ್ ಲೀಗ್ ಫೈನಲ್ ಪಂದ್ಯದ ವಿಡಿಯೊವನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ನೀವು ಬರೆದ ಪತ್ರ ನಮ್ಮ ಕೈಸೇರಿದೆ. ಅಂದು ಜರ್ಮನಿಯ ಬೊರುಸಿಯಾ ಡಾರ್ಟ್ಮುಂಡ್ ಕ್ಲಬ್ಬಿನ ಪರವಾಗಿ ಆಡಿದ ಸ್ಕಾಟ್ಲೆಂಡಿನ ಮಿಡ್‌ಫೀಲ್ಡರ್ ಪಾಲ್ ಲ್ಯಾಂಬರ್ಟ್ ಅವರ ಬಗ್ಗೆ ನೀವು ಮೂರು ಮಾತು ಕೇಳಿದ್ದೀರಿ. ಒಪ್ಪಂದ ಮುಗಿದ ಆಟಗಾರರನ್ನು ಹಳೆಯ ಕ್ಲಬ್ಬಿನ ಹಿಡಿತದಿಂದ ಬಿಡಿಸಿದ ಬೋಸ್ಮನ್ ತೀರ್ಪು ಬಾರದೇ ಹೋಗಿದ್ದರೆ ಈ ಆಟಗಾರನ ಹೆಸರೇ ಹೊರಗೆ ಬರುತ್ತಿರಲಿಲ್ಲ, ಆದ್ದರಿಂದ ಅವರ ಹಿರಿಮೆ ಅದೃಷ್ಟದ್ದೇ ಹೊರತು ಆಟದ್ದಲ್ಲ ಎಂಬುದು ನಿಮ್ಮ ವಾದ. ಯುರೋಪಿನ ಅತಿ ದೊಡ್ಡ ಪ್ರಶಸ್ತಿ ಗೆದ್ದ ಆರೇ ತಿಂಗಳಲ್ಲಿ ಅವರು ತವರಿಗೆ ಮರಳಿದ್ದು ಸೋಲೊಪ್ಪಿದಂತಲ್ಲವೇ ಎಂಬುದು ಎರಡನೆಯದು. ಕೋಚ್ ಆಗಿ ಅವರನ್ನು ಎಲ್ಲಿಡಬೇಕು ಎಂಬುದು ಮೂರನೆಯದು. ನಿಮ್ಮ ಮೊದಲ ವಾದವನ್ನು ನಾನು ಒಪ್ಪುವುದಿಲ್ಲ. ಯಾಕೆಂದು ವಿವರವಾಗಿಯೇ ಹೇಳಬೇಕು.

ಅದೃಷ್ಟದ ಪಾಲು ಇರಲಿಲ್ಲವೆಂದು ನಾನು ಹೇಳಲಾರೆ. ಬೆಲ್ಜಿಯಂನ ಆಟಗಾರ ಜಾನ್ ಮಾರ್ಕ್ ಬೋಸ್ಮನ್ ಹೂಡಿದ್ದ ಮೊಕದ್ದಮೆಯಲ್ಲಿ ಯುರೋಪಿಯನ್ ನ್ಯಾಯಾಲಯ 1995ರ ಡಿಸೆಂಬರ್ 15ರಂದು ತೀರ್ಪು ನೀಡಿತು. ಅಲ್ಲಿಯವರೆಗೆ ಒಪ್ಪಂದದ ಅವಧಿ ಮುಗಿದ ಮೇಲೂ ಹಳೆಯ ಕ್ಲಬ್ಬು ಹೊಸ ಕ್ಲಬ್ಬಿನಿಂದ ವರ್ಗಾವಣೆ ಹಣ ಕೇಳಬಹುದಿತ್ತು. ತೀರ್ಪಿನ ನಂತರ ಯುರೋಪಿಯನ್ ಒಕ್ಕೂಟದ ಆಟಗಾರನೊಬ್ಬ ಒಪ್ಪಂದ ಮುಗಿದೊಡನೆ ಒಕ್ಕೂಟದ ಮತ್ತೊಂದು ದೇಶದ ಕ್ಲಬ್ಬಿಗೆ ವರ್ಗಾವಣೆ ಹಣದ ತೊಡಕಿಲ್ಲದೆ ಹೋಗಬಹುದಾಯಿತು. ಸ್ಕಾಟ್ಲೆಂಡಿನ ಮದರ್‌ವೆಲ್ ಕ್ಲಬ್ಬಿನ ಜೊತೆಗಿನ ಲ್ಯಾಂಬರ್ಟ್ ಒಪ್ಪಂದ 1996ರ ಬೇಸಿಗೆಯಲ್ಲಿ ಮುಗಿಯಿತು. ಕಾಲ ಕೂಡಿ ಬಂದಿತು ಎನ್ನುವುದು ನಿಜ. ಆದರೆ ಅದೇ ಬೇಸಿಗೆಯಲ್ಲಿ ಅದೇ ಅವಕಾಶ ಯುರೋಪಿನ ನೂರಾರು ಆಟಗಾರರಿಗೂ ಇತ್ತು. ಅವರಲ್ಲಿ ಎಷ್ಟು ಮಂದಿ ಜರ್ಮನಿಯ ಚಾಂಪಿಯನ್ ತಂಡದಲ್ಲಿ ಪ್ರಾಯೋಗಿಕವಾಗಿ ಆಡಿ ತೋರಿಸಿ, ಜಾಗ ಗಿಟ್ಟಿಸಿ, ಒಂದು ವರ್ಷದೊಳಗೆ ಫೈನಲ್ ಆಡುವ ಹನ್ನೊಂದು ಮಂದಿಯಲ್ಲಿ ಒಬ್ಬರಾದರು?

ಅಲ್ಲದೆ, ಲ್ಯಾಂಬರ್ಟ್ ಆ ಹೊತ್ತಿಗೆ ಹೊಸಬರೇನೂ ಆಗಿರಲಿಲ್ಲ. 1969ರ ಆಗಸ್ಟ್‌ನಲ್ಲಿ ಹುಟ್ಟಿದ ಅವರು ಹದಿನೇಳನೆಯ ವಯಸ್ಸಿಗೇ, 1987ರಲ್ಲಿ, ಸೇಂಟ್ ಮಿರೆನ್ ಪರವಾಗಿ ಸ್ಕಾಟಿಷ್ ಕಪ್ ಫೈನಲ್ ಆಡಿ ಗೆದ್ದಿದ್ದರು. ಎದುರಾಳಿ ಡಂಡೀ ಯುನೈಟೆಡ್, ಅದೇ ವಾರಗಳಲ್ಲಿ ಯುರೋಪಿನ ಕ್ಲಬ್ಬುಗಳ ಇನ್ನೊಂದು ಟೂರ್ನಿಯಾದ ಯುಇಎಫ್ಎ ಕಪ್ ಫೈನಲ್ ಕೂಡ ಆಡುತ್ತಿದ್ದ ಗಟ್ಟಿ ತಂಡ. ಹೆಚ್ಚುವರಿ ಸಮಯದಲ್ಲಿ ಬಂದ ಒಂದೇ ಗೋಲಿನಿಂದ ಪಂದ್ಯ ತೀರ್ಮಾನವಾಯಿತು. 1993ರಲ್ಲಿ ಅವರು ಮದರ್‌ವೆಲ್ ಸೇರಿದರು. 1994ರಲ್ಲಿ ಯುಇಎಫ್ಎ ಕಪ್‌ನಲ್ಲಿ ಆ ಪುಟ್ಟ ಊರಿನ ತಂಡಕ್ಕೆ ಎದುರಾದದ್ದು ಡಾರ್ಟ್ಮುಂಡ್. ಮದರ್‌ವೆಲ್ ಎರಡೂ ಪಂದ್ಯ ಸೋತಿತಾದರೂ, ಎದುರಾಳಿಯ ಬಲವೇನೆಂಬುದನ್ನು ಲ್ಯಾಂಬರ್ಟ್ ಹತ್ತಿರದಿಂದ ಕಂಡರು. ಆ ಋತುವಿನ ಲೀಗ್‌ನಲ್ಲಿ ಮದರ್‌ವೆಲ್ ರೇಂಜರ್ಸ್ ನಂತರದ ಎರಡನೇ ಸ್ಥಾನಕ್ಕೇರಿತು, 1995ರಲ್ಲಿ ಲ್ಯಾಂಬರ್ಟ್‌ಗೆ ರಾಷ್ಟ್ರೀಯ ತಂಡದ ಕರೆಯೂ ಬಂತು. ತವರಿನಲ್ಲಿ ಅವರನ್ನು ಒಳ್ಳೆಯ ಆಟಗಾರನೆಂದು ಎಲ್ಲರೂ ಒಪ್ಪಿದ್ದರು. ಅದಕ್ಕಿಂತ ಮೇಲಿನವನೆಂದು ಭಾವಿಸಿದವರು ಕಡಿಮೆ.

ಡಾರ್ಟ್ಮುಂಡ್ ಕೋಚ್ ಒಟ್ಮಾರ್ ಹಿಟ್ಸ್‌ಫೆಲ್ಡ್, ಲ್ಯಾಂಬರ್ಟ್ ಅವರನ್ನು ರಕ್ಷಣಾ ಸಾಲಿನ ಮುಂದೆ ನಿಲ್ಲಿಸಿದರು. ನನ್ನ ಲೆಕ್ಕದಲ್ಲಿ ಲ್ಯಾಂಬರ್ಟ್ ವೃತ್ತಿಜೀವನದ ನಿಜವಾದ ತಿರುವು ಇದೇ, ಬೋಸ್ಮನ್ ತೀರ್ಪಲ್ಲ. ಇಪ್ಪತ್ತೇಳು ವರ್ಷದ, ಭಾಷೆ ಬಾರದ ಮಿಡ್‌ಫೀಲ್ಡರ್ ಒಬ್ಬನಿಗೆ ಮುಂದಕ್ಕೆ ನುಗ್ಗುವ ಚಟ ಬಿಡಿಸಿ, ಜಾಗ ಕಾಯುವುದನ್ನು ಕಲಿಸುವುದು ಸುಲಭವಲ್ಲ. ಕಲಿಯುವುದು ಇನ್ನೂ ಕಷ್ಟ. ಸುತ್ತ ಇದ್ದವರಾದರೂ ಯಾರು? 1996ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿಓರ್ ಪಡೆದ ಮತಿಯಾಸ್ ಸಾಮರ್, ಯುರ್ಗನ್ ಕೊಹ್ಲರ್, ಆಂಡ್ರಿಯಾಸ್ ಮೊಲ್ಲರ್, ಹಿಂದಿನ ವರ್ಷವಷ್ಟೇ ಇಟಲಿಯ ಯುವೆಂಟಸ್ ಜೊತೆ ಇದೇ ಚಾಂಪಿಯನ್ಸ್ ಲೀಗ್ ಗೆದ್ದಿದ್ದ ಪಾವ್ಲೊ ಸೌಸಾ. ಇಂಥವರ ನಡುವೆ ಹೊಸಬನೊಬ್ಬ ಪ್ರತಿ ವಾರ ಆಡಿದನೆಂದರೆ ಅದು ಕೋಚಿನ ದಾಕ್ಷಿಣ್ಯದಿಂದಲ್ಲ. ಸೆಮಿಫೈನಲ್‌ನಲ್ಲಿ ಡಾರ್ಟ್ಮುಂಡ್ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ತನ್ನ ನೆಲದಲ್ಲೂ ಓಲ್ಡ್ ಟ್ರಾಫರ್ಡ್‌ನಲ್ಲೂ 1-0ರಿಂದ ಮಣಿಸಿ, ಒಂದು ಗೋಲನ್ನೂ ಬಿಟ್ಟುಕೊಡದೆ ಮುಂದೆ ಸಾಗಿತು.

ಇನ್ನು ಫೈನಲ್. ಮೇ 28, ಮ್ಯೂನಿಕ್‌ನ ಒಲಿಂಪಿಕ್ ಕ್ರೀಡಾಂಗಣ. ಎದುರಿಗೆ ಹಾಲಿ ಚಾಂಪಿಯನ್ ಯುವೆಂಟಸ್. ನಾಲ್ಕು ವರ್ಷ ಹಿಂದೆ ಯುಇಎಫ್ಎ ಕಪ್ ಫೈನಲ್‌ನಲ್ಲಿ ಡಾರ್ಟ್ಮುಂಡನ್ನು ಒಟ್ಟು 6-1ರಿಂದ ಹೊಸಕಿಹಾಕಿದ್ದ ಕ್ಲಬ್ಬದು. ಆ ತಂಡದ ಆಟ ಕಟ್ಟುತ್ತಿದ್ದ ಫ್ರೆಂಚ್ ಆಟಗಾರ ಜಿನೆದಿನ್ ಜಿದಾನ್ ಅವರನ್ನು ಕಾಯುವ ಹೊಣೆ ಲ್ಯಾಂಬರ್ಟ್ ಮೇಲಿತ್ತು. ಜಿದಾನ್ ಅಂದು ಕಾಣಿಸಲೇ ಇಲ್ಲ ಎಂದು ನೀವು ಬರೆದಿದ್ದೀರಿ. ಅದು ಸ್ವಲ್ಪ ಅತಿಶಯ. ಅವರ ಒಂದು ಹೊಡೆತ ಗೋಲುಕಂಬಕ್ಕೆ ತಾಗಿತು. ಆದರೆ ಲ್ಯಾಂಬರ್ಟ್ ಕೆಲಸವನ್ನು ಅರಿಯಬೇಕಾದರೆ ಅವರು ಚೆಂಡು ಕಿತ್ತುಕೊಂಡ ಗಳಿಗೆಗಳಿಗಿಂತ, ಕಾಲಿಗೆ ಚೆಂಡು ಬಂದಾಗ ಜಿದಾನ್ ಯಾವ ದಿಕ್ಕಿಗೆ ಮುಖ ಮಾಡಿದ್ದರು ಎಂಬುದನ್ನು ಗಮನಿಸಬೇಕು. ತಿರುಗಿ ನಿಂತು ಎದುರಿನ ಆಟವನ್ನೆಲ್ಲ ಒಂದು ನೋಟದಲ್ಲಿ ಹಿಡಿಯುವುದು ಜಿದಾನ್ ಶಕ್ತಿ. ಅವರು ಹಾಗೆ ತಿರುಗಲು ಬೇಕಾದ ಒಂದೆರಡು ಹೆಜ್ಜೆಯ ಜಾಗವನ್ನು ಲ್ಯಾಂಬರ್ಟ್ ಬಿಟ್ಟುಕೊಡಲಿಲ್ಲ. ಹೀಗೆ ತಡೆದ ಆಟಕ್ಕೆ ಅಂಕಪಟ್ಟಿಯಲ್ಲಿ ಜಾಗವಿಲ್ಲ, ಆದ್ದರಿಂದಲೇ ಅದು ಅದೃಷ್ಟದ ಖಾತೆಗೆ ಬೇಗ ಜಮೆಯಾಗಿಬಿಡುತ್ತದೆ.

ಅಂಕಪಟ್ಟಿಗೂ ಅವರದೊಂದು ಕೊಡುಗೆ ಇದೆ. 29ನೇ ನಿಮಿಷದಲ್ಲಿ ಮೊಲ್ಲರ್ ಒದ್ದ ಕಾರ್ನರ್ ಕಿಕ್ಕನ್ನು ಯುವೆಂಟಸ್ ಪೂರ್ತಿಯಾಗಿ ಹೊರದಬ್ಬಲಾಗಲಿಲ್ಲ. ಬಲಬದಿಯಲ್ಲಿ ಸಿಕ್ಕ ಚೆಂಡನ್ನು ಲ್ಯಾಂಬರ್ಟ್ ದೂರದ ಕಂಬದತ್ತ ಮೇಲೆತ್ತಿ ಕಳಿಸಿದರು. ಕಾರ್ಲ್‌ಹೈಂಜ್ ರೀಡ್ಲ ಅದನ್ನು ಎದೆಯಲ್ಲಿ ತಡೆದು ಗೋಲಿಗೆ ಅಟ್ಟಿದರು. ಐದು ನಿಮಿಷದಲ್ಲಿ ರೀಡ್ಲ ತಲೆಯಿಂದ ಎರಡನೆಯದನ್ನು ಹೊಡೆದರು. ದ್ವಿತೀಯಾರ್ಧದಲ್ಲಿ ಯುವೆಂಟಸ್‌ನ ದೆಲ್ ಪಿಯೆರೊ ಹಿಮ್ಮಡಿಯಿಂದ ಒಂದು ಗೋಲು ಮರಳಿಸಿದರೂ, ಆಗಷ್ಟೇ ಮೈದಾನಕ್ಕಿಳಿದ ಡಾರ್ಟ್ಮುಂಡ್‌ನ ಲಾರ್ಸ್ ರಿಕೆನ್ ಮೊದಲ ಸ್ಪರ್ಶದಲ್ಲೇ ದೂರದಿಂದ ಗೋಲ್‌ಕೀಪರ್ ತಲೆಯ ಮೇಲಿಂದ ಚೆಂಡು ಕಳಿಸಿ 3-1 ಮಾಡಿದರು. ಯುರೋಪಿಯನ್ ಕಪ್ 1992ರಲ್ಲಿ ಚಾಂಪಿಯನ್ಸ್ ಲೀಗ್ ಎಂದು ಹೆಸರು ಬದಲಿಸಿಕೊಂಡ ಮೇಲೆ ಅದನ್ನು ಗೆದ್ದ ಮೊದಲ ಬ್ರಿಟಿಷ್ ಆಟಗಾರ ಲ್ಯಾಂಬರ್ಟ್.

ಮರಳಿದ ವಿಚಾರಕ್ಕೆ ಬರೋಣ. 1997ರ ನವೆಂಬರ್‌ನಲ್ಲಿ ಅವರು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಸೆಲ್ಟಿಕ್ ಕ್ಲಬ್ಬು ಸೇರಿದರು. ಜರ್ಮನಿಯಲ್ಲಿ ಜಾಗ ಕಳೆದುಕೊಂಡು ಬಂದವರಲ್ಲ ಅವರು. ಅಭಿಮಾನಿಗಳು ಕಣ್ತುಂಬಿ ಬೀಳ್ಕೊಟ್ಟ ಆಟಗಾರ. ಮನೆಯವರ ಒಳಿತಿಗಾಗಿ ಬಂದವರು. ಅವರು ಹೊರಟ ಕೆಲವೇ ವಾರಗಳಲ್ಲಿ ಡಾರ್ಟ್ಮುಂಡ್ ಟೋಕಿಯೊದಲ್ಲಿ ಬ್ರೆಜಿಲ್‌ನ ಕ್ರುಜೈರೊ ವಿರುದ್ಧ ಇಂಟರ್‌ಕಾಂಟಿನೆಂಟಲ್ ಕಪ್ ಗೆದ್ದಿತು. ಆ ಪದಕ ಅವರ ಕೈತಪ್ಪಿತು. ಸೋತು ಬಂದವನ ಲೆಕ್ಕ ಹೀಗಿರುವುದಿಲ್ಲ.

ಬಂದ ಕಡೆ ಹಗುರವಾದ ಕೆಲಸವೂ ಕಾದಿರಲಿಲ್ಲ. ಅದೇ ಊರಿನ ಬದ್ಧ ಎದುರಾಳಿ ರೇಂಜರ್ಸ್ ಸತತ ಒಂಬತ್ತು ಬಾರಿ ಲೀಗ್ ಗೆದ್ದು, 1966ರಿಂದ 1974ರವರೆಗಿನ ಸೆಲ್ಟಿಕ್ ದಾಖಲೆಯನ್ನು ಸರಿಗಟ್ಟಿತ್ತು. ಹತ್ತನೆಯದನ್ನು ತಡೆಯದಿದ್ದರೆ ಗ್ಲಾಸ್ಗೊದ ಅರ್ಧ ಊರು ತಲೆ ಎತ್ತುವಂತಿರಲಿಲ್ಲ. 1998ರ ಜನವರಿ 2ರಂದು ಸೆಲ್ಟಿಕ್ ನೆಲದಲ್ಲಿ ರೇಂಜರ್ಸ್ ವಿರುದ್ಧ ಲ್ಯಾಂಬರ್ಟ್ ದೂರದಿಂದ ಹೊಡೆದ ಬಿರುಸಿನ ಗೋಲು 2-0 ಗೆಲುವನ್ನು ಖಚಿತಪಡಿಸಿತು. ಆ ವರ್ಷ ಸೆಲ್ಟಿಕ್ ಪ್ರಶಸ್ತಿ ಪಡೆದದ್ದು ಬರೀ ಎರಡು ಅಂಕದ ಅಂತರದಲ್ಲಿ. ಮುಂದೆ ಕೋಚ್ ಮಾರ್ಟಿನ್ ಒನೀಲ್ ಕಾಲದಲ್ಲಿ ಇನ್ನೂ ಮೂರು ಲೀಗ್ ಪ್ರಶಸ್ತಿಗಳು, 2001ರಲ್ಲಿ ದೇಶದ ಮೂರೂ ಟ್ರೋಫಿಗಳು, ಆಮೇಲೆ ನಾಯಕತ್ವ. 2003ರ ಯುಇಎಫ್ಎ ಕಪ್ ಫೈನಲ್‌ನಲ್ಲಿ ಅವರ ತಂಡ ಸೆವಿಲ್‌ನಲ್ಲಿ ಮೊರಿನ್ಯೊ ಕೋಚ್ ಆಗಿದ್ದ ಪೋರ್ಚುಗಲ್‌ನ ಪೋರ್ಟೊಗೆ ಹೆಚ್ಚುವರಿ ಸಮಯದಲ್ಲಿ 3-2ರಿಂದ ಸೋತಿತು. ಸ್ಕಾಟ್ಲೆಂಡ್ ಪರ 40 ಪಂದ್ಯ ಆಡಿದರು. 1998ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ವಿರುದ್ಧದ ಉದ್ಘಾಟನಾ ಪಂದ್ಯವೂ ಅವುಗಳಲ್ಲಿ ಒಂದು.

ಕೋಚ್ ವೃತ್ತಿಯ ಬಗ್ಗೆ ನನ್ನ ಉತ್ತರ ಚಿಕ್ಕದು. 2009ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಕೋಲ್ಚೆಸ್ಟರ್ ತಂಡದ ಕೋಚ್ ಆಗಿ ನಾರಿಚ್ ಸಿಟಿಯನ್ನು ಅದರದೇ ನೆಲದಲ್ಲಿ 7-1ರಿಂದ ಸೋಲಿಸಿದರು. ಕೆಲವೇ ದಿನಗಳಲ್ಲಿ ನಾರಿಚ್ ಅವರನ್ನೇ ಕೋಚ್ ಆಗಿ ಕರೆದುಕೊಂಡಿತು. ಎರಡೇ ವರ್ಷಗಳಲ್ಲಿ ಆ ಕ್ಲಬ್ಬನ್ನು ಮೂರನೇ ದರ್ಜೆಯಿಂದ ಅಗ್ರ ದರ್ಜೆಯಾದ ಪ್ರೀಮಿಯರ್ ಲೀಗ್‌ಗೆ ಏರಿಸಿದ್ದು ಅಪ್ಪಟ ಸಾಧನೆ. ಆಸ್ಟನ್ ವಿಲ್ಲಾದಲ್ಲಿ ಅದು ಮುಂದುವರಿಯಲಿಲ್ಲ, 2018ರಲ್ಲಿ ಸ್ಟೋಕ್ ಅವರ ಕೈಯಲ್ಲೇ ಕೆಳದರ್ಜೆಗೆ ಇಳಿಯಿತು. ಈ ಏಳುಬೀಳನ್ನು ಮುಂದಿಟ್ಟು ಮ್ಯೂನಿಕ್‌ನ ತೊಂಬತ್ತು ನಿಮಿಷಗಳ ಬೆಲೆಯನ್ನು ನೀವು ಇಳಿಸಿದ್ದೀರಿ. ಕೋಚ್ ಮಾಡಿದ ತಪ್ಪುಗಳನ್ನು ಇಪ್ಪತ್ತೊಂದು ವರ್ಷ ಹಿಂದಿನ ಆಟಗಾರನ ತಲೆಗೆ ಕಟ್ಟುವುದನ್ನು ಮಾತ್ರ ನಾನು ಒಪ್ಪಲಾರೆ.

ವಿಶ್ವಾಸವಿರಲಿ,
ಸಂಪಾದಕ