ಲಾರಿ ಸ್ಟೇರಿಂಗ್ ಮೇಲೆ ಕೈ ಎಲ್ಲಿರಬೇಕು?

ಪ್ರಶ್ನೆ: ಕಾರು ಓಡಿಸಿ ರೂಢಿಯಿದೆ, ಈಗ ಲಾರಿ ಕಲಿಯುತ್ತಿದ್ದೇನೆ. ಸ್ಟೇರಿಂಗನ್ನು ಗಡಿಯಾರ ಎಂದುಕೊಂಡು 10–2ರಲ್ಲಿ ಹಿಡಿ ಎಂದು ಒಬ್ಬರು ಹೇಳಿಕೊಡುತ್ತಾರೆ, 9–3 ಎಂದು ಇನ್ನೊಬ್ಬರು. ಪವರ್ ಸ್ಟೇರಿಂಗ್ ಇದ್ದರೆ ಒಂದೇ ಕೈ ಸಾಕು ಎನ್ನುವವರೂ ಇದ್ದಾರೆ. ತಿರುವಿನಲ್ಲಂತೂ ನನಗೆ ಕೈಗೆ ಕೈ ಸಿಕ್ಕಿಕೊಳ್ಳುತ್ತದೆ. ಯಾವುದು ಸರಿ?

ಉತ್ತರ: 9–3. ಎಡಗೈ 9ರಲ್ಲಿ, ಬಲಗೈ 3ರಲ್ಲಿ. 10–2 ಹಳೆಯ ಪಾಠ. ಪವರ್ ಸ್ಟೇರಿಂಗ್ ಇಲ್ಲದ ಗಾಡಿಯಲ್ಲಿ ಮೇಲಿನಿಂದ ಮೈಭಾರ ಹಾಕಿ ಎಳೆಯಲು ಅದು ಅನುಕೂಲವಾಗಿತ್ತು. ಈಗ ಆ ಅಗತ್ಯವಿಲ್ಲ. ತೋಳನ್ನು ಅಷ್ಟು ಎತ್ತರದಲ್ಲಿ ಗಂಟೆಗಟ್ಟಲೆ ಇಟ್ಟರೆ ಭುಜ ಸೋಲುತ್ತದೆ, ಸೋತ ಕೈ ತಾನಾಗಿಯೇ ಜಾರಿ ತೊಡೆಗೆ ಬರುತ್ತದೆ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದು ಬಿಚ್ಚಿಕೊಂಡಾಗ ಮೇಲಿರುವ ತೋಳು ಮುಖಕ್ಕೇ ಬಡಿಯಬಹುದು.

ಒಂದೇ ಕೈಯ ಮಾತು ಬಿಡಿ. ದೊಡ್ಡ ಲಾರಿಯ ಸ್ಟೇರಿಂಗ್ ಸಾಮಾನ್ಯವಾಗಿ 45ರಿಂದ 50 ಸೆಂ.ಮೀ. ಅಗಲ ಇರುತ್ತದೆ. ಈ ತುದಿಯಿಂದ ಆ ತುದಿಗೆ ತಿರುಗಿಸಲು ಕಾರಿಗೆ ಸುಮಾರು 3 ಸುತ್ತು ಸಾಕಾದರೆ ಇದಕ್ಕೆ 4ರಿಂದ 6 ಸುತ್ತು ಬೇಕು. ಅಡ್ಡ ಬಂದವರನ್ನು ತಪ್ಪಿಸುವಾಗ ಒಂದು ಕೈಗೆ ಅಷ್ಟು ಸುತ್ತುವ ಸಮಯ ಸಿಗುವುದಿಲ್ಲ. ಪವರ್ ಸ್ಟೇರಿಂಗ್ ಎಣ್ಣೆಯ ಒತ್ತಡದಿಂದ ನಡೆಯುವಂಥದ್ದು. ಹೋಸ್ ಒಡೆದರೆ, ಎಂಜಿನ್ ನಿಂತರೆ ಅದೇ ಸ್ಟೇರಿಂಗ್ ಆ ಕ್ಷಣದಲ್ಲೇ ಕಲ್ಲಿನಂತೆ ಭಾರವಾಗುತ್ತದೆ.

ಕೈ ಎಲ್ಲಿರಬೇಕು ಎನ್ನುವಷ್ಟೇ ಮುಖ್ಯ ಹೆಬ್ಬೆರಳು ಎಲ್ಲಿರಬೇಕು ಎನ್ನುವುದು. ಇದನ್ನು ಹೇಳಿಕೊಡುವವರು ಕಡಿಮೆ. ಮುಂದಿನ ಚಕ್ರ ಗುಂಡಿಗೋ ಕಲ್ಲಿಗೋ ಬಡಿದಾಗ ಆ ಏಟು ಚಕ್ರಗಳನ್ನು ತಿರುಗಿಸುವ ಸರಳುಗಳಾದ ಟೈ ರಾಡ್, ಡ್ರ್ಯಾಗ್ ಲಿಂಕ್ ದಾಟಿ, ಸ್ಟೇರಿಂಗಿನ ತಿರುವನ್ನು ಆ ಸರಳುಗಳಿಗೆ ಒಯ್ಯುವ ಸ್ಟೇರಿಂಗ್ ಬಾಕ್ಸಿಗೆ ಬರುತ್ತದೆ. ಬಾಕ್ಸ್ ಮತ್ತು ಎಣ್ಣೆ ಅದರಲ್ಲಿ ಬಹುಪಾಲನ್ನು ನುಂಗಿಕೊಂಡರೂ ಉಳಿದದ್ದು ನಿಮ್ಮ ಅಂಗೈಗೆ ತಲುಪುತ್ತದೆ. ಸ್ಟೇರಿಂಗ್ ಗಕ್ಕನೆ ತಿರುಗುವಾಗ ಹೆಬ್ಬೆರಳು ಬಳೆಯ (ಸ್ಟೇರಿಂಗಿನ ಹೊರಸುತ್ತಿನ) ಒಳಗೆ ಕೊಕ್ಕೆ ಹಾಕಿಕೊಂಡಿದ್ದರೆ ನಡುವಿನ ಅಡ್ಡಪಟ್ಟಿ, ಅಂದರೆ ಸ್ಪೋಕ್, ಬಂದು ಅದಕ್ಕೇ ಹೊಡೆಯುತ್ತದೆ. ಉಳುಕು, ಕೆಲವೊಮ್ಮೆ ಮೂಳೆಯೂ ಮುರಿಯಬಹುದು. ಆದ್ದರಿಂದ ನಾಲ್ಕು ಬೆರಳು ಹೊರಗಿನಿಂದ ಬಳಸಿರಲಿ, ಹೆಬ್ಬೆರಳು ಬಳೆಯ ಮೇಲ್ಮೈ ಮೇಲೆ ಉದ್ದಕ್ಕೆ ಮಲಗಿರಲಿ. ಕಚ್ಚಾ ರಸ್ತೆ, ಕ್ವಾರಿ, ಕಾಮಗಾರಿ ಜಾಗಗಳಲ್ಲಿ ಇದನ್ನು ಮರೆಯಲೇಬಾರದು. ಬಳೆಯೊಳಗೆ ಅಂಗೈ ತೂರಿಸಿ ತಿರುಗಿಸುವ ಅಭ್ಯಾಸವೂ ಇದೇ ಕಾರಣಕ್ಕೆ ಕೆಟ್ಟದ್ದು. ಅಲ್ಲಿ ಸಿಕ್ಕಿಕೊಳ್ಳುವುದು ಮಣಿಕಟ್ಟು.

ಹಿಡಿತ ಗಟ್ಟಿಯಾಗಿರಬೇಕು, ಆದರೆ ಗೆಣ್ಣು ಬೆಳ್ಳಗಾಗುವಷ್ಟಲ್ಲ. ಅತಿಯಾಗಿ ಬಿಗಿ ಹಿಡಿದವರ ಗಾಡಿ ನೇರ ರಸ್ತೆಯಲ್ಲೂ ಆಚೀಚೆ ತೂಗಾಡುತ್ತದೆ. ಬಿಗಿದ ತೋಳಿಗೆ ಸಣ್ಣ ತಿದ್ದುಪಡಿ ಬರುವುದಿಲ್ಲ, ಬರುವುದೆಲ್ಲ ದೊಡ್ಡದೇ. ಎತ್ತರಕ್ಕೆ ಲೋಡ್ ಮಾಡಿದ ಲಾರಿ ಅಥವಾ ಅರ್ಧ ತುಂಬಿದ ಟ್ಯಾಂಕರ್ ಆದರೆ ಆ ಎಳೆತಕ್ಕೆ ಮಗುಚುವ ಅಪಾಯವೂ ಇದೆ.

ಇನ್ನು ನಿಮ್ಮ ಕೈ ಸಿಕ್ಕಿಕೊಳ್ಳುವ ತೊಂದರೆ. 9–3ರಲ್ಲಿ ಹಿಡಿದದ್ದನ್ನು ಬಿಡದೆ ತಿರುಗಿಸಲು ಹೋಗುವುದೇ ಅದಕ್ಕೆ ಕಾರಣ. ಎಡಕ್ಕೆ ತಿರುಗಬೇಕಾದರೆ ಎಡಗೈಯನ್ನು 12ರ ಹತ್ತಿರಕ್ಕೆ ಒಯ್ದು ಅಲ್ಲಿಂದ 6ರವರೆಗೆ ಕೆಳಕ್ಕೆ ಎಳೆಯಿರಿ. ಆ ಹೊತ್ತಿನಲ್ಲಿ ಬಲಗೈ ಹಿಡಿತ ಸಡಿಲಿಸಿ ತನ್ನ ಬದಿಯಲ್ಲೇ ಕೆಳಗೆ ಜಾರಲಿ. ಆಮೇಲೆ ಬಲಗೈ ಬಿಗಿಹಿಡಿದು 6ರಿಂದ ಮೇಲಕ್ಕೆ ತಳ್ಳುತ್ತದೆ, ಎಡಗೈ ಸಡಿಲಾಗಿ ಮೇಲಕ್ಕೆ ಜಾರುತ್ತದೆ. ಯಾವ ಕೈಯೂ ಇನ್ನೊಂದರ ಬದಿಗೆ ದಾಟುವುದಿಲ್ಲ. ಬಲಕ್ಕೆ ಇದೇ ತಿರುವುಮುರುವು. ಕೈ ಮೇಲೆ ಕೈ ದಾಟಿಸಿ ಸುತ್ತುವ ಕ್ರಮವನ್ನು ನಡಿಗೆಯ ವೇಗದ ಇಕ್ಕಟ್ಟು ತಿರುವಿಗೆ ಮಾತ್ರ ಇಟ್ಟುಕೊಳ್ಳಿ. ತಿರುವು ಮುಗಿದ ಮೇಲೆ ಸ್ಟೇರಿಂಗನ್ನು ಬೆರಳ ಸಂದಿಯಲ್ಲಿ ಬುರ್‍ರನೆ ಸುತ್ತಲು ಬಿಡದೆ, ಹೋದ ಹಾಗೆಯೇ ಕೈಯಿಂದ ಕೈಗೆ ವಾಪಸು ತನ್ನಿ. ಗೇರ್ ಇಳಿಸುವುದು ತಿರುವಿಗೆ ಮುಂಚೆಯೇ ಆಗಿರಬೇಕು. ಗೇರ್ ಹಾಕಿದ ಕೂಡಲೇ ಆ ಕೈ ಸ್ಟೇರಿಂಗಿಗೆ ಮರಳಲಿ, ಲಿವರ್ ಮೇಲೆ ಕೂತಿರುವುದು ಬೇಡ.

ಓಡುವಾಗ ಮುಂದಿನ ಟೈರ್ ಒಡೆದರೆ ಗಾಡಿ ಒಡೆದ ಕಡೆಗೆ ಎಳೆಯುತ್ತದೆ. ಆಗ ಎರಡೂ ಕೈಯಲ್ಲಿ ಬಿಗಿ ಹಿಡಿದು ನೇರಕ್ಕೆ ಇಟ್ಟುಕೊಳ್ಳಿ. ಗಾಬರಿಯಲ್ಲಿ ಬ್ರೇಕ್ ತುಳಿಯಬೇಡಿ. ಆಕ್ಸಿಲರೇಟರ್ ಬಿಟ್ಟು ವೇಗ ತಾನಾಗಿ ಇಳಿದ ಮೇಲೆ ಮೆಲ್ಲಗೆ ಬ್ರೇಕ್ ಹಾಕಿ ಬದಿಗೆ ತನ್ನಿ.

ಪ್ರಶ್ನೆ: ಬಸ್ ಓಡಿಸುತ್ತೇನೆ. 9–3ರಲ್ಲೇ ಹಿಡಿದರೂ ಎರಡು ಗಂಟೆಯೊಳಗೆ ಭುಜ ನೋಯುತ್ತದೆ.

ಉತ್ತರ: ಬಹುಶಃ ನಿಮ್ಮ ಸೀಟು ಸ್ಟೇರಿಂಗಿನಿಂದ ತೀರಾ ದೂರವಿದೆ. ಬೆನ್ನು ಪೂರ್ತಿ ಸೀಟಿಗೆ ತಾಗಿಸಿ, ಭುಜ ಎಳೆಯದೆ ತೋಳು ಚಾಚಿ. ಮಣಿಕಟ್ಟು ಸ್ಟೇರಿಂಗಿನ ಮೇಲ್ಭಾಗದ ಮೇಲೆ ಕೂರಬೇಕು. ಬೆರಳು ಮಾತ್ರ ತಾಗಿದರೆ ದೂರ, ಮುಂದೋಳು ತಾಗಿದರೆ ತೀರಾ ಹತ್ತಿರ. 9–3ರಲ್ಲಿ ಹಿಡಿದಾಗ ಮೊಣಕೈ ಸ್ವಲ್ಪ ಮಡಿದಿರಬೇಕು, ಭುಜಕ್ಕಿಂತ ಕೆಳಗಿರಬೇಕು. ಮೊದಲು ಪೆಡಲಿಗೆ ತಕ್ಕಂತೆ ಸೀಟು, ಆಮೇಲೆ ಸ್ಟೇರಿಂಗಿನ ಎತ್ತರ ಮತ್ತು ಓರೆ. ಗಾಳಿ ಸೀಟಾದರೆ (ಗಾಳಿಯ ಒತ್ತಡದ ಮೇಲೆ ನಿಲ್ಲುವ ಸೀಟು) ಏರ್ ಟ್ಯಾಂಕ್ ತುಂಬಿದ ಮೇಲೆ, ಅದರ ಮೇಲೆ ಕೂತೇ ಹೊಂದಿಸಿ. ಗಾಳಿ ಕಡಿಮೆಯಿದ್ದಾಗ ಹೊಂದಿಸಿದರೆ ಆಮೇಲೆ ಸೀಟಿನ ಎತ್ತರ ಬದಲಾಗಿ ಲೆಕ್ಕ ತಪ್ಪುತ್ತದೆ. ಹೊಂದಿಸಿದ ಸ್ಟೇರಿಂಗ್ ಅಲ್ಲೇ ಬಿಗಿಯಾಗಿ ಲಾಕ್ ಆಗಿದೆಯೇ ಎಂದು ಒಮ್ಮೆ ಎಳೆದು, ತಳ್ಳಿ ನೋಡಿ. ಇದೆಲ್ಲ ಗಾಡಿ ನಿಂತಿರುವಾಗಲೇ.

ಪ್ರಶ್ನೆ: ಟ್ರೇಲರ್ ರಿವರ್ಸ್ ತೆಗೆಯುವಾಗ ಯಾವ ಕಡೆ ತಿರುಗಿಸಬೇಕೆಂದೇ ಗೊಂದಲ.

ಉತ್ತರ: ಕೈಯನ್ನು ಕೆಳಗೆ, 6ರಲ್ಲಿ ಇಡಿ. ಟ್ರೇಲರಿನ ಹಿಂಭಾಗ ಎತ್ತ ಹೋಗಬೇಕೋ ಕೈ ಅತ್ತ ಹೋಗಲಿ. ಸ್ವಲ್ಪ ಸ್ವಲ್ಪವೇ, ಆಮೆ ವೇಗದಲ್ಲಿ. ನಿಂತಲ್ಲೇ ಸ್ಟೇರಿಂಗ್ ಸುತ್ತಬೇಡಿ, ಟೈರು ಸವೆಯುತ್ತದೆ, ಜೋಡಣೆಗಳ ಮೇಲೆ ಭಾರ ಬೀಳುತ್ತದೆ. ಪೂರ್ತಿ ತುದಿಗೆ ತಿರುಗಿಸಿ ಹಾಗೇ ಒತ್ತಿ ಹಿಡಿದರೆ ಪಂಪಿನ ಎಣ್ಣೆ ಕಾಯುತ್ತದೆ.

ಪ್ರಶ್ನೆ: ಸ್ಟೇರಿಂಗಿನಲ್ಲಿ ಎಷ್ಟು ಪ್ಲೇ (ಚಕ್ರ ತಿರುಗದೆ ಸ್ಟೇರಿಂಗ್ ಮಾತ್ರ ಆಡುವ ಸಡಿಲ) ಇದ್ದರೆ ಪರವಾಗಿಲ್ಲ?

ಉತ್ತರ: ಎಂಜಿನ್ ಚಾಲೂ ಇಟ್ಟು, ಮುಂದಿನ ಚಕ್ರ ನೇರವಿರುವಾಗ, ಬಳೆಯ ಮೇಲೆ ಒಂದು ಗುರುತು ಹಾಕಿ. ಚಕ್ರ ಅಲುಗುವವರೆಗೆ ಎಡಕ್ಕೆ, ಬಲಕ್ಕೆ ಆಡಿಸಿ. ಇನ್ನೊಬ್ಬರು ಕೆಳಗೆ ನಿಂತು ಚಕ್ರ ನೋಡಲಿ. 50 ಸೆಂ.ಮೀ. ಸ್ಟೇರಿಂಗಿನಲ್ಲಿ ಗುರುತು ಒಟ್ಟು 5 ಸೆಂ.ಮೀ.ಗಿಂತ ಹೆಚ್ಚು ಓಡಾಡಿದರೆ, ಅಂದರೆ ಸುಮಾರು 10 ಡಿಗ್ರಿ, ಗಾಡಿ ಹತೋಟಿಗೆ ಸಿಗುವುದು ಕಷ್ಟ. ಟೈ ರಾಡ್ ತುದಿ, ಡ್ರ್ಯಾಗ್ ಲಿಂಕ್, ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟ), ಸ್ಟೇರಿಂಗ್ ಬಾಕ್ಸಿನ ಬೋಲ್ಟು, ಈ ನಾಲ್ಕನ್ನೂ ಮೆಕ್ಯಾನಿಕ್ ಹತ್ತಿರ ತೋರಿಸಿ, ಅಲ್ಲಿಯವರೆಗೆ ಲೋಡ್ ಹಾಕಬೇಡಿ.