ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳು ಆಮೇಲೆ ಸೇರಿಸಿದವು ಅಂತಾರಲ್ಲ, ಯಾಕೆ?

ಹೆಚ್ಚಿನ ವಿದ್ವಾಂಸರು ಹಾಗೆಯೇ ಹೇಳುತ್ತಾರೆ. 16ನೇ ಅಧ್ಯಾಯದ 9ರಿಂದ 20ರವರೆಗಿನ ವಚನಗಳು 4ನೇ ಶತಮಾನದ ಎರಡು ಮುಖ್ಯ ಗ್ರೀಕ್ ಹಸ್ತಪ್ರತಿಗಳಾದ ಸಿನಾಯ್ಟಿಕಸ್ ಮತ್ತು ವ್ಯಾಟಿಕನಸ್‌ನಲ್ಲಿ ಇಲ್ಲವೇ ಇಲ್ಲ. ಅಲ್ಲಿ ಕಥೆ 8ನೇ ವಚನಕ್ಕೇ ನಿಲ್ಲುತ್ತದೆ. ಯೇಸುವಿನ ಸಮಾಧಿಗೆ ಬಂದ ಹೆಂಗಸರು ಹೆದರಿ ಅಲ್ಲಿಂದ ಓಡಿಹೋಗುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ. ಅಷ್ಟೇ.

ನನಗೆ ಜಾಸ್ತಿ ಗಟ್ಟಿ ಅನ್ನಿಸುವ ಸಾಕ್ಷಿ ಬರವಣಿಗೆಯದ್ದು. ಮಗ್ದಲದ ಮರಿಯಳು 1ನೇ ವಚನದಲ್ಲೇ ಬಂದಿದ್ದಾಳೆ. ಆದರೂ 9ನೇ ವಚನ, ಯೇಸು ಏಳು ದೆವ್ವಗಳನ್ನು ಬಿಡಿಸಿದ್ದು ಇವಳನ್ನೇ ಎಂದು ಹೊಸಬಳಂತೆ ಪರಿಚಯ ಮಾಡಿಕೊಡುತ್ತದೆ. ವಿಚಿತ್ರ ಅಲ್ವಾ? ಗಲಿಲಾಯ ಪ್ರಾಂತ್ಯದಲ್ಲಿ ಯೇಸುವನ್ನು ಕಾಣುವಿರಿ ಎಂದು 7ನೇ ವಚನ ಹೇಳಿತ್ತು. ಮುಂದೆ ಗಲಿಲಾಯದ ಸುದ್ದಿಯೇ ಇಲ್ಲ. ಗ್ರೀಕ್ ಶೈಲಿಯೂ ಬೇರೆ.

ಹಾಗಂತ ಇದು ತೀರಾ ತಡವಾದ ಸೇರ್ಪಡೆಯೇನಲ್ಲ. ಸುಮಾರು ಕ್ರಿ.ಶ. 180ರಲ್ಲೇ ಕ್ರೈಸ್ತ ಬಿಷಪ್ ಐರೇನಿಯಸ್ 19ನೇ ವಚನವನ್ನು ಮಾರ್ಕನದೆಂದೇ ಎತ್ತಿ ಹೇಳಿದ್ದಾನೆ.

ಮೂಲದ ಕೊನೆಯ ಹಾಳೆ ಕಳೆದುಹೋಯಿತೋ, ಮಾರ್ಕನೇ ಥಟ್ಟನೆ ನಿಲ್ಲಿಸಿದನೋ ಎಂಬ ವಾದ ಇನ್ನೂ ಮುಗಿದಿಲ್ಲ. ನನ್ನ ಒಲವು ಎರಡನೆಯದಕ್ಕೆ. ಅರ್ಥವಾಗದೆ ದಂಗಾಗುವ ಜನ ಈ ಸುವಾರ್ತೆಯ ತುಂಬ ಇದ್ದಾರೆ, ಹೆದರಿ ಓಡುವ ಹೆಂಗಸರ ಕೊನೆಯೂ ಅದಕ್ಕೆ ಹೊಂದುತ್ತದೆ.