ಹಕ್ಕಿ ಹೆಸರಿನ ಪಟ್ಟಿಯಲ್ಲಿ ಒಂದು ಒತ್ತಕ್ಷರ ತಿದ್ದಬೇಕು: ಮೊದಲ ಪುಲ್ ರಿಕ್ವೆಸ್ಟ್ ಕಳಿಸುವವರಿಗೆ

ನಮಸ್ಕಾರ ಅಕ್ಕ. ನಿನ್ನೆ ನೀವು ಹಾಕಿದ ಪ್ರಶ್ನೆ ನೋಡಿದೆ. ನಮ್ಮ ಗುಂಪಿನ ಹಕ್ಕಿ ಹೆಸರಿನ ಪಟ್ಟಿಯಲ್ಲಿ 'ಗದ್ದೆ ಮಿಂಚುಳ್ಳಿ' ಅನ್ನುವುದು 'ಗದ್ದೆ ಮಿಂಚುಳಿ' ಅಂತ ಆಗಿದೆ. ಗಿಟ್‌ಹಬ್ ಅನ್ನುವ, ಹಲವರು ಸೇರಿ ಫೈಲುಗಳನ್ನು ಇಟ್ಟು ತಿದ್ದುವ ಜಾಲತಾಣದಲ್ಲಿರುವ ಆ ಫೈಲನ್ನು ನನ್ನಂಥವರು ತಿದ್ದಬಹುದಾ, ಪ್ರೋಗ್ರಾಮಿಂಗ್ ಗೊತ್ತಿಲ್ಲ, ಏನಾದರೂ ಕೆಟ್ಟುಹೋದರೆ ಅಂತ ಭಯ ಎಂದು ಕೇಳಿದ್ದಿರಿ. ತಿದ್ದಬಹುದು ಅಕ್ಕ. ನಿಮ್ಮಿಂದ ಏನೂ ಕೆಡುವುದಿಲ್ಲ. ಯಾಕೆ ಅಂತ ಮೊದಲು ಹೇಳುತ್ತೇನೆ. ಭಯ ಹೋದರೆ ಉಳಿದದ್ದು ಹತ್ತು ನಿಮಿಷದ ಕೆಲಸ.

ಪಟ್ಟಿ ಇರುವ ಜಾಗಕ್ಕೆ ರೆಪೊಸಿಟರಿ ಅನ್ನುತ್ತಾರೆ, ಬಾಯಲ್ಲಿ ರೆಪೊ. ಅದಕ್ಕೆ ನೇರವಾಗಿ ಬರೆಯುವ ಹಕ್ಕು ನಮ್ಮಲ್ಲಿ ಮೂರು ಜನಕ್ಕೆ ಮಾತ್ರ ಇದೆ. ನೀವು ತಿದ್ದಲು ಹೊರಟಾಗ ಗಿಟ್‌ಹಬ್ ಇಡೀ ರೆಪೊವಿನ ಒಂದು ನಕಲನ್ನು ನಿಮ್ಮ ಖಾತೆಯಲ್ಲಿ ಮಾಡಿಕೊಡುತ್ತದೆ. ಅದೇ ಫೋರ್ಕ್. ನೀವು ಬರೆಯುವುದೆಲ್ಲ ಆ ನಕಲಿನ ಮೇಲೆ. ಬರೆದು ಮುಗಿದ ಮೇಲೆ 'ನನ್ನ ಬದಲಾವಣೆಯನ್ನು ನಿಮ್ಮ ಕಡೆ ಎಳೆದುಕೊಳ್ಳಿ' ಅಂತ ಕೋರಿಕೆ ಕಳಿಸುತ್ತೀರಿ. ಪುಲ್ ರಿಕ್ವೆಸ್ಟ್ ಅನ್ನುವ ಹೆಸರು ಅದಕ್ಕೇ ಬಂತು. ಗಿಟ್‌ಲ್ಯಾಬ್ ಅನ್ನುವ ಇಂಥದ್ದೇ ಇನ್ನೊಂದು ತಾಣದಲ್ಲಿ ಇದನ್ನೇ ಮರ್ಜ್ ರಿಕ್ವೆಸ್ಟ್ ಅನ್ನುತ್ತಾರೆ. ಆ ಮೂವರಲ್ಲಿ ಒಬ್ಬರು ನೋಡಿ, ಸರಿ ಅನ್ನಿಸಿದರೆ ಸೇರಿಸುತ್ತಾರೆ. ಅವರ ಕಣ್ಣು ತಪ್ಪಿ ತಪ್ಪೇ ಸೇರಿಕೊಂಡರೂ ಹಿಂದಿನ ಪ್ರತಿ ಹಾಗೇ ಇರುತ್ತದೆ, ವಾಪಸ್ ತರಬಹುದು. ಈ ಲೆಕ್ಕವನ್ನೆಲ್ಲ ಇಡುವ ಸಾಫ್ಟ್‌ವೇರ್ ಗಿಟ್, ಗಿಟ್‌ಹಬ್ ನಡೆಯುವುದು ಅದರ ಮೇಲೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಅದನ್ನು ಬರೆದದ್ದು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್ ಕೆಲಸಕ್ಕೆ. ಒಬ್ಬರ ಮುಖ ಒಬ್ಬರು ನೋಡದ ಜನ ದೇಶದೇಶಗಳಲ್ಲಿ ಕೂತು ಒಂದೇ ಕೋಡನ್ನು ತಿದ್ದುತ್ತಿದ್ದರು. ಅಂಥ ಕೆಲಸಕ್ಕೆ ಹುಟ್ಟಿದ ಸಾಧನ ಇದು. ನಮ್ಮ ಒಂದು ಒತ್ತಕ್ಷರ ಅದಕ್ಕೆ ಭಾರವಲ್ಲ.

ಖಾತೆ ಮಾಡುವಾಗ ಒಂದು ಎಚ್ಚರಿಕೆ. ನೀವು ಉಳಿಸುವ ಪ್ರತಿ ಬದಲಾವಣೆಯ ಜೊತೆ ನಿಮ್ಮ ಹೆಸರು ಮತ್ತು ಇಮೇಲ್ ಸೇರಿಕೊಳ್ಳುತ್ತದೆ. ಸಾರ್ವಜನಿಕ ರೆಪೊ ಆದರೆ ಯಾರು ಬೇಕಾದರೂ ನೋಡಬಹುದು, ಆಮೇಲೆ ಅಳಿಸುವುದು ತುಂಬಾ ಕಷ್ಟ. ಗಿಟ್‌ಹಬ್ ಸೆಟ್ಟಿಂಗ್ಸ್‌ನಲ್ಲಿ ಇಮೇಲ್ ವಿಭಾಗಕ್ಕೆ ಹೋದರೆ ವಿಳಾಸ ಗುಟ್ಟಾಗಿಡುವ ಆಯ್ಕೆ ಇದೆ. ಮೊದಲು ಅದನ್ನು ಆನ್ ಮಾಡಿ. ಅದರಲ್ಲೂ ಹೆಣ್ಣುಮಕ್ಕಳಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ.

ಇನ್ನು ಕೆಲಸಕ್ಕೆ ಬರೋಣ. ಸಾಫ್ಟ್‌ವೇರ್ ಏನೂ ಹಾಕಿಕೊಳ್ಳಬೇಡಿ, ಬ್ರೌಸರ್ ಸಾಕು. ಸಾಧ್ಯವಾದರೆ ಫೋನ್ ಬಿಟ್ಟು ಕಂಪ್ಯೂಟರ್‌ನಲ್ಲಿ ಮಾಡಿ, ಸಾಲುಗಳು ಚೆನ್ನಾಗಿ ಕಾಣುತ್ತವೆ. ಮೊದಲು ರೀಡ್‌ಮಿ ಫೈಲ್ ಓದಿ. ಕಾಂಟ್ರಿಬ್ಯೂಟಿಂಗ್ ಅನ್ನುವ ಫೈಲ್ ಇದ್ದರೆ ಅದನ್ನೂ ಓದಿ. ಆ ರೆಪೊವಿನ ಪದ್ಧತಿ ಏನು ಅಂತ ಅಲ್ಲಿರುತ್ತದೆ. ಆಮೇಲೆ ಪಟ್ಟಿಯ ಫೈಲ್ ತೆರೆದು ಬಲಗಡೆ ಮೇಲಿರುವ ಪೆನ್ಸಿಲ್ ಗುರುತು ಒತ್ತಿ. ಫೋರ್ಕ್ ಮಾಡಲಾ ಅಂತ ಕೇಳಿದರೆ ಹೂಂ ಅನ್ನಿ. ಈಗ ಫೈಲ್ ತಿದ್ದಲು ತೆರೆದುಕೊಳ್ಳುತ್ತದೆ. ನಿಮ್ಮ ಸಾಲು ಹೀಗಿದೆ:

ಹ್ಯಾಲ್ಸಿಯಾನ್ ಸ್ಮಿರ್ನೆನ್ಸಿಸ್,ಗದ್ದೆ ಮಿಂಚುಳಿ

ಮೊದಲಿನದು ವೈಜ್ಞಾನಿಕ ಹೆಸರು. ಫೈಲಿನಲ್ಲಿ ಅದು ಇಂಗ್ಲಿಷ್ ಅಕ್ಷರದಲ್ಲಿದೆ, ಅದನ್ನು ಮುಟ್ಟಬೇಡಿ. ಆಮೇಲೆ ಅಲ್ಪವಿರಾಮ, ಆಮೇಲೆ ಕನ್ನಡ ಹೆಸರು. ಆ ಅಲ್ಪವಿರಾಮವೇ ಎರಡು ಕಾಲಂಗಳ ನಡುವಿನ ಗೋಡೆ. ಅದರ ಪಕ್ಕ ಒಂದು ಜಾಗ ಬಿಟ್ಟರೆ ನೋಡಲು ಚೆಂದ ಅನ್ನಿಸಬಹುದು. ಆದರೆ ಆ ಖಾಲಿ ಜಾಗವೂ ಹೆಸರಿನ ಭಾಗವಾಗಿಬಿಡುತ್ತದೆ. ಸುಮ್ನೆ ಳಕಾರಕ್ಕೆ ಒತ್ತು ಕೊಡಿ, ಅಷ್ಟೇ.

ತಿದ್ದಿದ ಮೇಲೆ ಕಮಿಟ್ ಚೇಂಜಸ್ ಬಟನ್ ಒತ್ತಿ. ಒಂದು ಸಣ್ಣ ಪೆಟ್ಟಿಗೆ ಬರುತ್ತದೆ. ಅಲ್ಲಿ ಗಿಟ್‌ಹಬ್ ತಾನೇ 'ಅಪ್‌ಡೇಟ್' ಅಂತ ಶುರುವಾಗುವ ಒಂದು ಸಾಲು ಬರೆದಿರುತ್ತದೆ. ಅದನ್ನು ಅಳಿಸಿ 'ಗದ್ದೆ ಮಿಂಚುಳ್ಳಿ ಹೆಸರಿನ ಕಾಗುಣಿತ ಸರಿಪಡಿಸಿದೆ' ಅಂತ ಬರೆಯಿರಿ. ಇದು ಸಣ್ಣ ವಿಷಯ ಅನ್ನಿಸಬಹುದು. ಎರಡು ವರ್ಷ ಬಿಟ್ಟು ಈ ಸಾಲು ಯಾಕೆ ಬದಲಾಯಿತು ಅಂತ ಹುಡುಕುವವರಿಗೆ ಸಿಗುವುದು ಆ ಒಂದು ವಾಕ್ಯ ಮಾತ್ರ. ನಮ್ಮ ರೆಪೊದಲ್ಲಿ ಕನ್ನಡದಲ್ಲೇ ಬರೆಯುವುದು ವಾಡಿಕೆ, ಇಂಗ್ಲಿಷ್‌ಗೆ ಒದ್ದಾಡಬೇಡಿ. ಆಮೇಲೆ ಪ್ರಪೋಸ್ ಚೇಂಜಸ್ ಒತ್ತಿ.

ಈಗ ಬರುವ ಪುಟದಲ್ಲಿ ಸ್ವಲ್ಪ ನಿಲ್ಲಿ. ಹಳೆಯ ಸಾಲು ಕೆಂಪಿನಲ್ಲಿ, ಹೊಸದು ಹಸಿರಿನಲ್ಲಿ ಕಾಣುತ್ತದೆ. ಇದಕ್ಕೆ ಡಿಫ್ ಅನ್ನುತ್ತಾರೆ. ಅಲ್ಲಿ ಒಂದು ಕೆಂಪು ಸಾಲು, ಒಂದು ಹಸಿರು ಸಾಲು ಮಾತ್ರ ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಏನೋ ಬದಲಾಗಿದೆ ಅಂತ ಅರ್ಥ. ಕಳಿಸಬೇಡಿ, ಹಿಂದೆ ಹೋಗಿ ನೋಡಿ.

ಇದನ್ನು ಇಷ್ಟು ಹೇಳಲು ಕಾರಣ ಇದೆ. ನಾನು ಮೊದಲ ಸಲ ಈ ಪಟ್ಟಿ ತಿದ್ದಿದಾಗ ಫೈಲನ್ನು ಇಳಿಸಿಕೊಂಡು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದೆ. ಒಂದೇ ಹೆಸರು ತಿದ್ದಿ ಉಳಿಸಿ ವಾಪಸ್ ಏರಿಸಿದೆ. ಡಿಫ್ ತೆರೆದರೆ ಇಡೀ ಫೈಲ್ ಕೆಂಪು, ಇಡೀ ಫೈಲ್ ಹಸಿರು. ಆಗಿದ್ದೇನು ಅಂದರೆ, ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಲಿನಕ್ಸ್‌ನಲ್ಲಿ ಅದು ಒಂದು ಅಕ್ಷರ, ವಿಂಡೋಸ್‌ನಲ್ಲಿ ಎರಡು. ಉಳಿಸುವಾಗ ಎಲ್ಲ ಸಾಲಿನ ಗುರುತೂ ಬದಲಾಗಿತ್ತು. ಗಿಟ್ ಲೆಕ್ಕದಲ್ಲಿ ಪ್ರತಿ ಸಾಲೂ ಹೊಸದು. ಅಷ್ಟರ ನಡುವೆ ನಾನು ತಿದ್ದಿದ ಒಂದು ಹೆಸರನ್ನು ಯಾರು ಹುಡುಕುತ್ತಾರೆ? ಪಾಪ, ನೋಡುವವರಿಗೆ ಅದು ಶಿಕ್ಷೆ. ನಾನು ಆ ಕೋರಿಕೆ ಮುಚ್ಚಿ, ಬ್ರೌಸರ್‌ನಲ್ಲೇ ಮತ್ತೆ ಮಾಡಿದೆ. ಅದಕ್ಕೇ ನಮ್ಮ ಪಟ್ಟಿಯಂಥ, ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸುವ ಸಿಎಸ್‌ವಿ ಫೈಲನ್ನು ಸ್ಪ್ರೆಡ್‌ಶೀಟ್‌ನಲ್ಲಿ ತೆರೆಯಬೇಡಿ ಅನ್ನುವುದು. ಕೆಲವು ಸಲ ಕನ್ನಡವೆಲ್ಲ ಚಿತ್ರವಿಚಿತ್ರ ಗುರುತುಗಳಾಗಿ ಬಿಡುವುದೂ ಉಂಟು.

ಕನ್ನಡಕ್ಕೇ ಸೇರಿದ ಇನ್ನೊಂದು ತೊಡಕಿದೆ. ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದು ಸಿಗುವುದಿಲ್ಲ. ಒಮ್ಮೆ ಒಬ್ಬರು ಸೂರಕ್ಕಿಯ ಸಾಲು ತಿದ್ದಿ ಕಳಿಸಿದ್ದರು. ಡಿಫ್‌ನಲ್ಲಿ ಕೆಂಪಿನಲ್ಲೂ ಸೂರಕ್ಕಿ, ಹಸಿರಿನಲ್ಲೂ ಸೂರಕ್ಕಿ. ಎಷ್ಟು ಹೊತ್ತು ನೋಡಿದರೂ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಗೊತ್ತಾಯಿತು. ಯಾವುದೋ ವೆಬ್ ಪುಟದಿಂದ ಪದವನ್ನು ನಕಲು ಮಾಡಿ ಅಂಟಿಸಿದ್ದರು, ಪದದ ಕೊನೆಯಲ್ಲಿ ಅಗಲವೇ ಇಲ್ಲದ ಒಂದು ಅಕ್ಷರ ಕೂತಿತ್ತು. ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. ಗಿಟ್‌ಹಬ್ ಅಂತ ಕನ್ನಡದಲ್ಲಿ ಬರೆಯುವಾಗ ಟಕಾರದ ಕೆಳಗೆ ಹಕಾರ ಒತ್ತಾಗದೆ ಪಕ್ಕಕ್ಕೆ ನಿಲ್ಲುವುದು ಅದರಿಂದಲೇ. ಅಲ್ಲಿ ಅದು ಬೇಕು. ಸೂರಕ್ಕಿಯ ಕೊನೆಯಲ್ಲಿ ಬೇಡ. ಅಲ್ಲಿದ್ದರೆ ಯಾರಾದರೂ ಆ ಹೆಸರನ್ನು ಹುಡುಕಿದಾಗ ಸಿಗದೇ ಹೋಗಬಹುದು. ರ‍್ಯ ಬರೆಯುವುದರಲ್ಲೂ ಇಂಥದ್ದೇ ಗೊಂದಲ. ಅಲ್ಲಿ ಇದರ ಜೋಡಿ, ಝೀರೋ ವಿಡ್ತ್ ಜಾಯ್ನರ್ ಬರುತ್ತದೆ. ಅದನ್ನು ಕೆಲವರು ವಿರಾಮದ (ಅಕ್ಷರದ ಸ್ವರ ತೆಗೆದು ಅರ್ಧಾಕ್ಷರ ಮಾಡುವ ಚಿಹ್ನೆಯ) ಮೊದಲು ಹಾಕುತ್ತಾರೆ, ಕೆಲವರು ನಂತರ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣಬಹುದು, ಕಂಪ್ಯೂಟರ್‌ಗೆ ಎರಡು ಬೇರೆ ಪದ. ಹಾಗಾಗಿ ನಮ್ಮ ಪಟ್ಟಿಗೆ ಹೆಸರನ್ನು ಅಂಟಿಸಬೇಡಿ, ಕೈಯಾರೆ ಟೈಪ್ ಮಾಡಿ. ಕೆಂಪು ಹಸಿರು ಒಂದೇ ಥರ ಕಂಡರೆ ಇಡೀ ಪದ ಅಳಿಸಿ ಹೊಸದಾಗಿ ಬರೆಯಿರಿ.

ಎಲ್ಲ ಸರಿ ಇದ್ದರೆ ಕ್ರಿಯೇಟ್ ಪುಲ್ ರಿಕ್ವೆಸ್ಟ್ ಒತ್ತಿ. ಶೀರ್ಷಿಕೆಗೆ ಆಗಲೇ ಬರೆದ ವಾಕ್ಯ ಸಾಕು. ವಿವರಣೆಯಲ್ಲಿ ಒಂದೆರಡು ಸಾಲು: ಏನು ತಪ್ಪಿತ್ತು, ಸರಿ ಅಂತ ನಿಮಗೆ ಹೇಗೆ ಗೊತ್ತು. ಒತ್ತಿದ ಮೇಲೆ ಇನ್ನೊಂದು ಸಲ ಅದೇ ಹೆಸರಿನ ಬಟನ್ ಬರುತ್ತದೆ. ಅದನ್ನೂ ಒತ್ತಬೇಕು. ಹೊಸಬರಲ್ಲಿ ಎಷ್ಟೋ ಜನ ಮೊದಲ ಬಟನ್‌ಗೇ ನಿಲ್ಲಿಸಿ, ಕಳಿಸಿಯಾಯಿತು ಅಂತ ವಾರಗಟ್ಟಲೆ ಕಾಯುತ್ತಾರೆ.

ನೀವು ಪ್ರಶ್ನೆಯ ಕೊನೆಯಲ್ಲಿ ಕೆಂಬೂತಕ್ಕೆ ರತ್ನಪಕ್ಷಿ ಅನ್ನುವ ಹೆಸರನ್ನೂ ಸೇರಿಸಬೇಕು ಅಂದಿದ್ದಿರಿ. ಒಳ್ಳೆಯದು, ಆದರೆ ಇದರ ಜೊತೆ ಸೇರಿಸಬೇಡಿ. ಕಾಗುಣಿತ ತಿದ್ದುವುದಕ್ಕೆ ಯಾರ ತಕರಾರೂ ಇರುವುದಿಲ್ಲ, ಕೂಡಲೇ ಸೇರುತ್ತದೆ. ಒಂದು ಹಕ್ಕಿಗೆ ಎರಡನೇ ಹೆಸರು ಅಂದರೆ ಯಾವ ಊರಿನ ಕಡೆ ಹಾಗನ್ನುತ್ತಾರೆ, ಯಾವುದು ಮೊದಲು ಬರಬೇಕು ಅಂತ ಮಾತು ಬೆಳೆಯುತ್ತದೆ. ಎರಡೂ ಒಂದೇ ಕೋರಿಕೆಯಲ್ಲಿದ್ದರೆ ಮಿಂಚುಳ್ಳಿಯೂ ಆ ಚರ್ಚೆ ಮುಗಿಯುವವರೆಗೆ ಕಾಯಬೇಕು. ರತ್ನಪಕ್ಷಿಗೆ ಮೊದಲು ಇಶ್ಯೂ ವಿಭಾಗದಲ್ಲಿ ಒಂದು ಪ್ರಶ್ನೆ ಹಾಕಿ. ಆ ಹೆಸರನ್ನು ನೀವು ಕೇಳಿದ ತಾಲ್ಲೂಕು ಬರೆದರೆ ಇನ್ನೂ ಒಳ್ಳೆಯದು. ಪುಸ್ತಕದಿಂದ ಉದ್ದುದ್ದ ವಿವರಣೆ ಎತ್ತಿ ಹಾಕುವುದು ಮಾತ್ರ ಬೇಡ, ಅದರ ಹಕ್ಕು ಬರೆದವರದ್ದು.

ಕಳಿಸಿದ ಮೇಲೆ ಎರಡು ಮೂರು ದಿನ ಯಾರೂ ನೋಡದಿದ್ದರೆ ಬೇಜಾರಾಗಬೇಡಿ. ಎಲ್ಲರೂ ಕೆಲಸ ಮುಗಿಸಿ ರಾತ್ರಿ ಕೂತು ನೋಡುವವರು. ವಾರವಾದರೆ ಅಲ್ಲೇ ಕೆಳಗೆ ಒಂದು ಸಾಲು ಬರೆದು ನೆನಪಿಸಿ. 'ಇದೊಂದು ಬದಲಿಸಿ' ಅಂತ ಯಾರಾದರೂ ಬರೆದರೆ ಆ ಕೋರಿಕೆ ಮುಚ್ಚಿ ಹೊಸದು ತೆರೆಯುವುದು ಬೇಡ. ನಿಮ್ಮ ಫೋರ್ಕ್‌ಗೆ ಹೋಗಿ. ಅಲ್ಲಿ ಪ್ಯಾಚ್ ಅಂತ ಶುರುವಾಗುವ ಹೆಸರಿನ ಒಂದು ಬ್ರಾಂಚ್, ಅಂದರೆ ನಿಮ್ಮ ಬದಲಾವಣೆ ಕೂತಿರುವ ಕವಲು, ಇರುತ್ತದೆ. ಅದೇ ಬ್ರಾಂಚ್‌ನಲ್ಲಿ ಮತ್ತೆ ತಿದ್ದಿ ಉಳಿಸಿದರೆ, ಕಳಿಸಿದ ಕೋರಿಕೆಗೆ ಅದು ತಾನಾಗೇ ಸೇರಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಒಂದೇ ಹೆಸರಿಗೆ ನಾಲ್ಕು ಕೋರಿಕೆ ಕಳಿಸಿದವರನ್ನು ನೋಡಿದ್ದೇನೆ.

ನಮ್ಮ ಪಟ್ಟಿ ಮುಟ್ಟುವ ಮೊದಲು ಒಮ್ಮೆ ಅಭ್ಯಾಸ ಮಾಡಬೇಕು ಅನ್ನಿಸಿದರೆ, ಗಿಟ್‌ಹಬ್‌ನಲ್ಲಿ ಫಸ್ಟ್ ಕಾಂಟ್ರಿಬ್ಯೂಷನ್ಸ್ ಅಂತ ಒಂದು ರೆಪೊ ಇದೆ. ಹೊಸಬರಿಗಾಗಿಯೇ ಇರುವುದು. ಕಾಂಟ್ರಿಬ್ಯೂಟರ್ಸ್ ಅನ್ನುವ ಫೈಲಿಗೆ ನಿಮ್ಮ ಹೆಸರು ಸೇರಿಸಿ ಕಳಿಸುವುದೇ ಅಲ್ಲಿನ ಪಾಠ. ಹೆಸರನ್ನು ಫೈಲಿನ ಮೊದಲಿಗೂ ಕೊನೆಗೂ ಹಾಕಬೇಡಿ, ನಡುವೆ ಎಲ್ಲಾದರೂ ಹಾಕಿ ಅಂತ ಅವರು ಹೇಳುತ್ತಾರೆ. ಎಲ್ಲರೂ ಕೊನೆಯ ಸಾಲಿಗೇ ಸೇರಿಸಿದರೆ ಯಾರದ್ದು ಮೊದಲು ಅಂತ ಗಿಟ್‌ಗೆ ತೀರ್ಮಾನಿಸಲು ಆಗುವುದಿಲ್ಲ. ಅದಕ್ಕೆ ಮರ್ಜ್ ಕಾನ್‌ಫ್ಲಿಕ್ಟ್ ಅನ್ನುತ್ತಾರೆ. ನಮ್ಮ ಪಟ್ಟಿಯನ್ನು ವೈಜ್ಞಾನಿಕ ಹೆಸರಿನ ಅಕ್ಷರಮಾಲೆಯಂತೆ ಜೋಡಿಸಿರುವುದಕ್ಕೆ ಅದೂ ಒಂದು ಕಾರಣ. ಹೊಸ ಹಕ್ಕಿಗಳು ಬೇರೆ ಬೇರೆ ಜಾಗಕ್ಕೆ ಹೋಗಿ ಕೂರುತ್ತವೆ.

ಆ ಪಾಠದಲ್ಲಿ ಕಮಾಂಡ್‌ಗಳು ಬರುತ್ತವೆ: ಗಿಟ್ ಕ್ಲೋನ್, ಗಿಟ್ ಸ್ವಿಚ್, ಗಿಟ್ ಆಡ್, ಗಿಟ್ ಕಮಿಟ್, ಗಿಟ್ ಪುಶ್. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ, ಎಲ್ಲ ಸಣ್ಣಕ್ಷರ. ಒಂದು ಹೆಸರು ತಿದ್ದುವುದಕ್ಕೆ ಇವು ಯಾವುದೂ ಬೇಡ. ಮುಂದೆ ಹತ್ತಾರು ಸಾಲು ತಿದ್ದುವಾಗ ಕಲಿತರಾಯಿತು. ಆಗ ಪುಶ್ ಮಾಡುವಲ್ಲಿ, ಅಂದರೆ ನಿಮ್ಮ ಕಂಪ್ಯೂಟರ್‌ನಿಂದ ಗಿಟ್‌ಹಬ್‌ಗೆ ಕಳಿಸುವಲ್ಲಿ, ಪಾಸ್‌ವರ್ಡ್ ಕೇಳಿ, ಸರಿಯಾದದ್ದೇ ಕೊಟ್ಟರೂ ಆಗಲ್ಲ ಅಂದರೆ ಗಾಬರಿ ಬೇಡ. 2021ರ ಆಗಸ್ಟ್‌ನಿಂದ ಗಿಟ್‌ಹಬ್ ಅಲ್ಲಿ ಖಾತೆಯ ಪಾಸ್‌ವರ್ಡ್ ಒಪ್ಪುವುದಿಲ್ಲ. ಪಾಸ್‌ವರ್ಡ್ ಬದಲು ಗಿಟ್‌ಹಬ್ ಕೊಡುವ ಟೋಕನ್ ಅನ್ನುವ ಗುಪ್ತ ಸಂಕೇತ, ಅಥವಾ ನಿಮ್ಮ ಕಂಪ್ಯೂಟರ್‌ನಲ್ಲಿ ಮಾಡಿಕೊಳ್ಳುವ ಎಸ್‌ಎಸ್‌ಎಚ್ ಕೀ ಅನ್ನುವ ಡಿಜಿಟಲ್ ಬೀಗದ ಕೈ ಬೇಕು. ಹಳೆಯ ವಿಡಿಯೊ ನೋಡಿ ಕಲಿಯುವವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಹಾಗೇ ಹಳೆಯ ಪಾಠಗಳಲ್ಲಿ ಮುಖ್ಯ ಬ್ರಾಂಚಿಗೆ ಮಾಸ್ಟರ್ ಅಂತ ಇರುತ್ತದೆ. 2020ರ ಅಕ್ಟೋಬರ್ ನಂತರ ಗಿಟ್‌ಹಬ್‌ನಲ್ಲಿ ಶುರುವಾದ ರೆಪೊಗಳಲ್ಲಿ ಸಾಮಾನ್ಯವಾಗಿ ಅದು ಮೇನ್.

ಮಿಂಚುಳ್ಳಿಯ ಸಾಲನ್ನು ನಾನೇ ಒಂದು ನಿಮಿಷದಲ್ಲಿ ಸರಿ ಮಾಡಬಹುದಿತ್ತು. ಮಾಡಿಲ್ಲ. ತಪ್ಪು ಕಣ್ಣಿಗೆ ಬಿದ್ದದ್ದು ನಿಮಗೆ, ಆ ಸಾಲಿನ ಇತಿಹಾಸದಲ್ಲಿ ನಿಮ್ಮ ಹೆಸರೇ ಇರಲಿ. ಭಾನುವಾರ ಬೆಳಿಗ್ಗೆ ಕೆರೆಯಿಂದ ಬಂದ ಮೇಲೆ ನಾನು ಕಂಪ್ಯೂಟರ್ ಮುಂದೆ ಇರುತ್ತೇನೆ. ಎಲ್ಲಿ ನಿಂತಿತೋ ಆ ಪುಟದ ಚಿತ್ರ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.